ಕ್ಲಸ್ಟರ್ ಕಟ್ಟುವ ಮೊದಲು: ಹೆಸರು, ವಿಳಾಸ, ದಾರಿ

ಎಲ್ಲರಿಗೂ ನಮಸ್ಕಾರ.

ಹೈ ಅವೈಲಬಿಲಿಟಿ ಕ್ಲಸ್ಟರ್ (ಒಂದು ಯಂತ್ರ ಬಿದ್ದರೂ ಸೇವೆ ನಿಲ್ಲದಂತೆ ಒಟ್ಟಾಗಿ ದುಡಿಯುವ ಕಂಪ್ಯೂಟರ್‌ಗಳ ಗುಂಪು) ಎಂದ ಕೂಡಲೇ ಮಾತು ಸಾಫ್ಟ್‌ವೇರ್ ಆಯ್ಕೆಯತ್ತ ಹೊರಳುತ್ತದೆ. ನಾನು ಅದಕ್ಕೂ ಹಿಂದಿನ ಕೆಲಸದ ಬಗ್ಗೆ ಮಾತನಾಡಲು ಬಂದಿದ್ದೇನೆ. ಯಾವ ಯಂತ್ರಕ್ಕೆ ಯಾವ ಹೆಸರು, ಯಾವ ವಿಳಾಸ, ಒಂದರಿಂದ ಇನ್ನೊಂದಕ್ಕೆ ಯಾವ ದಾರಿ ಎಂಬುದು ಮೊದಲೇ ಕಾಗದದ ಮೇಲೆ ಇರಬೇಕು. ಕ್ಲಸ್ಟರ್ ಓಡತೊಡಗಿದ ಮೇಲೆ ಒಂದು ನೋಡ್‌ನ, ಅಂದರೆ ಗುಂಪಿನ ಒಂದು ಯಂತ್ರದ, ಹೆಸರು ಬದಲಿಸಲು ಹೋದರೆ ಕಾನ್ಫಿಗರೇಶನ್, ಸರ್ಟಿಫಿಕೇಟ್, ಫೆನ್ಸಿಂಗ್ (ಕೆಟ್ಟ ನೋಡ್ ಅನ್ನು ಬಲವಂತವಾಗಿ ಆರಿಸಿ ಹೊರಗಿಡುವುದು) ನಿಯಮ ಎಲ್ಲಕ್ಕೂ ಕೈ ಹಾಕಬೇಕಾಗುತ್ತದೆ.

ಹೋಸ್ಟ್‌ನೇಮ್‌ಗೆ, ಅಂದರೆ ಯಂತ್ರದ ಹೆಸರಿಗೆ, ಇಂಗ್ಲಿಷಿನ ಸಣ್ಣಕ್ಷರ, ಅಂಕಿ, ಹೈಫನ್ ಸಾಕು, ಅಂಡರ್‌ಸ್ಕೋರ್ ಬೇಡ. ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಹೆಸರಿನ ಒಂದು ಭಾಗ 63 ಅಕ್ಷರಗಳವರೆಗೆ ಇರಬಹುದು, ಆದರೆ ವಿಂಡೋಸ್‌ನ ಹಳೆಯ ಹೆಸರಿಡುವ ಪದ್ಧತಿಯಾದ ನೆಟ್‌ಬಯೋಸ್‌ನಲ್ಲಿ ಹೆಸರು 15ಕ್ಕೇ ಮುಗಿಯುತ್ತದೆ. ಯಂತ್ರದ ಹೆಸರಿನಲ್ಲಿ ‘ಪ್ರೈಮರಿ’, ‘ಸೆಕೆಂಡರಿ’ ಎಂದು ಸೇರಿಸುವುದನ್ನು ಮಾತ್ರ ನಾನು ಒಪ್ಪುವುದೇ ಇಲ್ಲ. ಮೊದಲ ಫೇಲ್‌ಓವರ್ ಆದೊಡನೆ, ಅಂದರೆ ಕೆಲಸ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋದೊಡನೆ, ಆ ಹೆಸರು ಸುಳ್ಳಾಗುತ್ತದೆ. ನಡುರಾತ್ರಿ ಎದ್ದು ಬಂದ ಎಂಜಿನಿಯರ್ ಅದನ್ನು ನಂಬಿ, ಸೇವೆ ನಡೆಸುತ್ತಿರುವ ಯಂತ್ರವನ್ನೇ ನಿಲ್ಲಿಸಬಹುದು. ಯಂತ್ರಗಳಿಗೆ ಬರೀ ಸಂಖ್ಯೆ ಕೊಡಿ. ಪಾತ್ರವನ್ನು ಹೇಳುವ ಹೆಸರು ಸೇವೆಗಿರಲಿ.

ಬಳಕೆದಾರರು ತಲುಪಬೇಕಾದದ್ದು ಆ ಸೇವೆಯ ಹೆಸರನ್ನು, ಅದರ ಹಿಂದಿರುವ ವರ್ಚುವಲ್ ಐಪಿಯನ್ನು, ಅಂದರೆ ಯಾವುದೇ ಒಂದು ಯಂತ್ರಕ್ಕೆ ಕಟ್ಟಿಬೀಳದ ಜಾಲದ ವಿಳಾಸವನ್ನು. ಒಂದು ನೋಡ್ ಬಿದ್ದಾಗ ಇನ್ನೊಂದು ಅದೇ ವಿಳಾಸವನ್ನು ಎತ್ತಿಕೊಂಡು, ‘ಇನ್ನು ಇದು ನನ್ನದು’ ಎಂದು ಎಆರ್‌ಪಿ (ಯಾವ ವಿಳಾಸ ಯಾವ ಯಂತ್ರದ್ದೆಂದು ತಿಳಿಸುವ ವ್ಯವಸ್ಥೆ) ಮೂಲಕ ಜಾಲಕ್ಕೆ ಸಾರುತ್ತದೆ. ಇದು ನಡೆಯುವುದು ಒಂದೇ ಸಬ್‌ನೆಟ್‌ನೊಳಗೆ, ಅಂದರೆ ಜಾಲದ ಒಂದೇ ತುಂಡಿನೊಳಗೆ, ಮಾತ್ರ. ಆ ವಿಳಾಸ, ಯಂತ್ರಗಳಿಗೆ ತಾನಾಗಿ ವಿಳಾಸ ಕೊಡುವ ಡಿಎಚ್‌ಸಿಪಿ ಹಂಚುವ ವ್ಯಾಪ್ತಿಯ ಹೊರಗಿರಬೇಕು.

ನೋಡ್‌ಗಳು ಪರಸ್ಪರ ಗುರುತಿಸಲು ಡಿಎನ್‌ಎಸ್ ಅನ್ನು ನೆಚ್ಚಬೇಡಿ. ಡಿಎನ್‌ಎಸ್ ಸರ್ವರ್ ಕೈಕೊಟ್ಟ ದಿನವೂ ಕ್ಲಸ್ಟರ್ ತನ್ನವರನ್ನು ಗುರುತಿಸಬೇಕು. ಪ್ರತಿ ನೋಡ್‌ನ ಹೋಸ್ಟ್ಸ್ ಫೈಲ್‌ನಲ್ಲಿ (ಯಂತ್ರದೊಳಗೇ ಇರುವ ಹೆಸರು-ವಿಳಾಸಗಳ ಪಟ್ಟಿ) ಎಲ್ಲರ ಹೆಸರೂ ಇರಲಿ. ಡೆಬಿಯನ್ ಲಿನಕ್ಸ್ ಬಳಸುವವರು ಇಲ್ಲಿ ಎಚ್ಚರ ವಹಿಸಬೇಕು: ಅದರ ಇನ್‌ಸ್ಟಾಲರ್ ಯಂತ್ರದ ಸ್ವಂತ ಹೆಸರನ್ನು 127.0.1.1ಕ್ಕೆ, ಅಂದರೆ ಯಂತ್ರದ ಹೊರಗೆ ಹೋಗದ ವಿಳಾಸಕ್ಕೆ, ಕಟ್ಟಿಡುವುದುಂಟು. ಹಾಗಾದರೆ ನೋಡ್ ತನ್ನೊಂದಿಗೆ ತಾನೇ ಮಾತನಾಡುತ್ತಾ ಕೂರುತ್ತದೆ. ಆ ಸಾಲನ್ನು ನಿಜವಾದ ವಿಳಾಸಕ್ಕೆ ತಿದ್ದಿ.

ಇನ್ನು ಹಾರ್ಟ್‌ಬೀಟ್, ಅಂದರೆ ‘ನಾನು ಬದುಕಿದ್ದೇನೆ’ ಎಂದು ನೋಡ್‌ಗಳು ಪರಸ್ಪರ ಕಳಿಸುತ್ತಿರುವ ಸಂದೇಶ. ಅದಕ್ಕೆ ಕನಿಷ್ಠ ಎರಡು ದಾರಿ ಬೇಕು. ಒಂದೇ ಸ್ವಿಚ್‌ನಲ್ಲಿ ಎರಡು ವಿಎಲ್‌ಎಎನ್ (ಒಂದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ಜಾಲ) ಮಾಡಿದರೆ ಅದು ಎರಡು ದಾರಿಯಲ್ಲ. ಸ್ವಿಚ್‌ಗೆ ವಿದ್ಯುತ್ ಹೋದರೆ ಎರಡೂ ಹೋಗುತ್ತವೆ. ನೋಡ್‌ಗಳ ನಡುವೆ ಈ ಸಂದೇಶ ಸಾಗಿಸುವ ತಂತ್ರಾಂಶವಾದ ಕೋರೋಸಿಂಕ್ 3ರಲ್ಲಿ 8 ಲಿಂಕ್‌ಗಳವರೆಗೆ ಕೊಡಬಹುದು. ಮೊದಲ ಲಿಂಕ್‌ಗೆ ಅದು ತಾನಾಗಿ ಬಳಸುವ ಯುಡಿಪಿ ಪೋರ್ಟ್ 5405. ಫೈರ್‌ವಾಲ್‌ನಲ್ಲಿ ಅದು ತೆರೆದಿರಲಿ.

ದಾರಿಗಳೆಲ್ಲ ಮುಚ್ಚಿದಾಗ ಎರಡೂ ಬದಿಯವರು ‘ಉಳಿದವನು ನಾನೊಬ್ಬನೇ’ ಎಂದುಕೊಂಡು ಒಂದೇ ಡಿಸ್ಕ್‌ಗೆ ಬರೆಯತೊಡಗುವುದೇ ಸ್ಪ್ಲಿಟ್ ಬ್ರೇನ್. ಮಾಹಿತಿ ಹಾಳಾಗುವುದು ಇಲ್ಲಿಯೇ. ಇದನ್ನು ತಡೆಯುವುದು ಬಹುಮತ, ಪ್ರತಿ ನೋಡ್‌ಗೆ ಒಂದು ಮತ: 3 ನೋಡ್‌ಗಳಿದ್ದರೆ 2, 5 ಇದ್ದರೆ 3 ಮತ ಸಿಕ್ಕ ಬದಿ ಮಾತ್ರ ಕೆಲಸ ಮುಂದುವರಿಸುತ್ತದೆ. ಎರಡೇ ನೋಡ್‌ಗಳಿದ್ದು ಬೇರ್ಪಟ್ಟರೆ ಯಾವ ಬದಿಗೂ ಬಹುಮತ ಸಿಗದು. ಮೂರನೆಯ ಸ್ಥಳದಲ್ಲಿ ಒಬ್ಬ ಸಾಕ್ಷಿಯನ್ನು, ಅಂದರೆ ಮತ ಹಾಕಲೆಂದೇ ಇರುವ ಯಂತ್ರವನ್ನು, ಇಡುವುದು ಒಳ್ಳೆಯದು. ಫೆನ್ಸಿಂಗ್ ಅಂತೂ ಇರಲೇಬೇಕು, ಅದರ ಆದೇಶ ಹೋಗುವ ಜಾಲ ಹಾರ್ಟ್‌ಬೀಟ್‌ನ ಜಾಲದಿಂದ ಬೇರೆಯಾಗಿರಬೇಕು. ಕೆಟ್ಟುಹೋದ ಸ್ವಿಚ್ ಮೂಲಕ ‘ಆ ನೋಡ್ ಆರಿಸು’ ಎಂದರೆ ಕೇಳುವವರಾರು?

ಸೇವೆ ಆರಂಭಿಸುವ ಮುನ್ನ ಒಂದೊಂದೇ ಕೇಬಲ್ ಕಿತ್ತು ನೋಡಿ. ಏನಾಗಬೇಕು ಎಂಬುದನ್ನು ಕೀಳುವ ಮೊದಲೇ ಬರೆದಿಡಿ, ಆದದ್ದನ್ನು ಅದರ ಪಕ್ಕದಲ್ಲೇ ಬರೆಯಿರಿ. ಎರಡೂ ತಾಳೆಯಾಗುವವರೆಗೆ ಬಳಕೆದಾರರನ್ನು ಒಳಗೆ ಬಿಡಬೇಡಿ.