ಫಾರ್ಮಿನಲ್ಲಿ ಖಾಲಿ ಬಿಟ್ಟ ನಾಲ್ಕು ಗೆರೆ

ನಮಸ್ಕಾರ. ನಾನು ಪ್ಯಾಥಾಲಜಿಸ್ಟ್. ರೋಗಿಯ ಮುಖ ನೋಡದೆ ರೋಗದ ಹೆಸರು ಹೇಳುವ ಡಾಕ್ಟರ್. ನನ್ನ ಮೇಜಿಗೆ ಬರುವುದು ಎರಡೇ ವಸ್ತು: ರೋಗಿಯ ಮೈಯಿಂದ ತೆಗೆದ ತುಂಡನ್ನು ಕೆಡದ ಹಾಗೆ ಫಾರ್ಮಲಿನ್‌ನಲ್ಲಿ ಮುಳುಗಿಸಿಟ್ಟ ಡಬ್ಬಿ, ಅದಕ್ಕೆ ರಬ್ಬರ್ ಬ್ಯಾಂಡಿನಲ್ಲಿ ಸಿಕ್ಕಿಸಿದ ಒಂದು ಫಾರ್ಮು. ಆ ಫಾರ್ಮಿನಲ್ಲಿ ಹಿಂದಿನ ಕಾಯಿಲೆ, ಹಿಂದಿನ ಸ್ಕ್ಯಾನ್ ಬರೆಯಲು ನಾಲ್ಕು ಗೆರೆ ಜಾಗ ಇರುತ್ತದೆ. ಇವತ್ತು ನನ್ನ ಜಗಳ ಆ ನಾಲ್ಕು ಗೆರೆಯದ್ದು.

ಒಮ್ಮೆ ಹೀಗಾಯಿತು. ನಲವತ್ತು ದಾಟಿದ ಹೆಂಗಸು. ಫಾರ್ಮಿನಲ್ಲಿ ಇದ್ದದ್ದು ಇಷ್ಟೇ: ‘ಎರಡೂ ಅಂಡಾಶಯದಲ್ಲಿ ಗೆಡ್ಡೆ, ಸಿಎ-125 ಜಾಸ್ತಿ.’ ಸಿಎ-125 ಅಂದರೆ ರಕ್ತದಲ್ಲಿ ಅಳೆಯುವ ಒಂದು ಪ್ರೋಟೀನು, ಅಂಡಾಶಯದ ಕ್ಯಾನ್ಸರಿನಲ್ಲಿ ಹಲವು ಸಲ ಏರುತ್ತದೆ. ಓದಿದವರಿಗೆ ಅಂಡಾಶಯದ ಕ್ಯಾನ್ಸರ್ ಅಂತಲೇ ಅನಿಸುತ್ತದೆ, ಅಲ್ವಾ? ನನಗೂ ಅನಿಸಿತು. ಮೈಕ್ರೋಸ್ಕೋಪಿನಲ್ಲಿ ಅಡೆನೊಕಾರ್ಸಿನೋಮ, ಅಂದರೆ ಗ್ರಂಥಿಯಂಥ ಜೀವಕೋಶಗಳ ಕ್ಯಾನ್ಸರ್, ಕಂಡಿತು. ಅಷ್ಟು ಬರೆದು ಸಹಿ ಹಾಕಬಹುದಿತ್ತು.

ತಡೆದದ್ದು ಗೆಡ್ಡೆಯ ರೂಪ. ಒಂದೇ ದೊಡ್ಡ ಮುದ್ದೆ ಇರಲಿಲ್ಲ. ಎರಡೂ ಕಡೆ ಗಂಟು ಗಂಟು. ಅಂಡಾಶಯದ ಮೇಲ್ಮೈಯಲ್ಲೂ ಕಡಲೆಬೇಳೆಯಷ್ಟು ಚಿಕ್ಕ ಗಂಟುಗಳು. ಬೇರೆ ಕಡೆಯಿಂದ ಬಂದು ಕೂತ ಕ್ಯಾನ್ಸರ್ ಹಲವು ಸಲ ಹೀಗೆ ಕಾಣುತ್ತದೆ.

ಸಿಎ-125 ಮೇಲೆ ನನಗೆ ಮೊದಲಿನಿಂದಲೂ ಅಷ್ಟು ನಂಬಿಕೆ ಇಲ್ಲ. ಹೊಟ್ಟೆಯ ಟಿಬಿಯಲ್ಲೂ ಅದು ಏರುತ್ತದೆ, ಶ್ವಾಸಕೋಶದ ಸುತ್ತ ನೀರು ತುಂಬಿದರೂ ಏರುತ್ತದೆ, ಶ್ವಾಸಕೋಶದ ಕ್ಯಾನ್ಸರಿನಲ್ಲೂ ಏರಬಹುದು.

ಇಮ್ಯುನೊ ಸ್ಟೈನ್ ಹಾಕಿಸಿದೆ. ಹುಡುಕುವ ಪ್ರೋಟೀನು ಜೀವಕೋಶದಲ್ಲಿ ಇದ್ದರೆ ಸ್ಲೈಡ್ ಕಂದು ಬಣ್ಣಕ್ಕೆ ತಿರುಗುತ್ತದೆ. ಸಿಕೆ-7 ಎಂಬ ಪ್ರೋಟೀನಿಗೆ ಸ್ಲೈಡ್ ಕಂದಾಯಿತು. ಅದರಿಂದ ಪ್ರಯೋಜನವಿಲ್ಲ, ಅಂಡಾಶಯ, ಶ್ವಾಸಕೋಶ ಎರಡರಲ್ಲೂ ಅದು ಬರುತ್ತದೆ. ಅಂಡಾಶಯದ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಬಣ್ಣ ಹಿಡಿಯುವ ಪ್ಯಾಕ್ಸ್-8 ಬಿಳಿಚಿಕೊಂಡೇ ಇತ್ತು. ಡಬ್ಲ್ಯುಟಿ-1 ಕೂಡ ಅಷ್ಟೇ. ಆಮೇಲೆ ಟಿಟಿಎಫ್-1 ಹಾಕಿಸಿದೆ. ಮಾರನೇ ದಿನ ನೋಡಿದರೆ ನ್ಯೂಕ್ಲಿಯಸ್‌ಗಳೆಲ್ಲ ಕಾಫಿಪುಡಿ ಚೆಲ್ಲಿದ ಹಾಗೆ. ಶ್ವಾಸಕೋಶದ ಕಡೆ ಬೆರಳು ತೋರಿಸುವ ಗುರುತು ಅದು.

ಸರ್ಜನ್‌ಗೆ ಫೋನ್ ಮಾಡಿ ಎದೆಯ ಸ್ಕ್ಯಾನ್ ಆಗಿದೆಯಾ ಎಂದು ಕೇಳಿದೆ. ಅವರು ಮನೆಯವರನ್ನು ಕೇಳಿದರು. ಆಗಿತ್ತು. ಬೇರೊಂದು ಊರಿನಲ್ಲಿ, ಬಿಡದ ಕೆಮ್ಮಿಗೆ. ರಿಪೋರ್ಟು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿದ ಹಾಗೇ ಇತ್ತು: ಬಲ ಶ್ವಾಸಕೋಶದಲ್ಲಿ ಗೆಡ್ಡೆ. ಆ ಹೆಂಗಸು ಬೀಡಿ ಸಿಗರೇಟು ಮುಟ್ಟಿದವರಲ್ಲ. ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ.

ಹೆಸರು ಬದಲಾದರೆ ಏನಾಗುತ್ತದೆ ಅಂತೀರಾ? ದಾರಿಯೇ ಬದಲಾಗುತ್ತದೆ. ಅಂಡಾಶಯದ್ದಾದರೆ ಹೊಟ್ಟೆಯಲ್ಲಿ ಕಣ್ಣಿಗೆ ಕಂಡದ್ದನ್ನೆಲ್ಲ ತೆಗೆಯುವ ದೊಡ್ಡ ಆಪರೇಷನ್, ಜೊತೆಗೆ ಕಾರ್ಬೋಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿ. ಶ್ವಾಸಕೋಶದ್ದಾದರೆ ಮೊದಲು ಇಜಿಎಫ್‌ಆರ್, ಎಎಲ್‌ಕೆ ಜೀನ್ ಪರೀಕ್ಷೆ. ಅದರಲ್ಲಿ ಬದಲಾವಣೆ ಸಿಕ್ಕಿದರೆ ದಿನಾ ನುಂಗುವ ಮಾತ್ರೆ. ಸಿಗರೇಟು ಸೇದದ ಹೆಂಗಸರಲ್ಲಿ ಈ ಬದಲಾವಣೆಗಳು ಜಾಸ್ತಿ ಸಿಗುತ್ತವೆ.

ಶ್ವಾಸಕೋಶದಿಂದ ಅಂಡಾಶಯಕ್ಕೆ ಬರುವುದು ಅಪರೂಪ, ನಿಜ. ಜಠರ, ಕರುಳು, ಸ್ತನದ ಕ್ಯಾನ್ಸರ್, ಇವೇ ಅಲ್ಲಿಗೆ ಬರುವ ಮಾಮೂಲಿ ಅತಿಥಿಗಳು. ಅದನ್ನು ಗುರುತಿಸುವುದೂ ಸುಲಭ ಇರಲಿಲ್ಲ. 1896ರಲ್ಲಿ ಜರ್ಮನಿಯ ಡಾಕ್ಟರ್ ಕ್ರುಕೆನ್‌ಬರ್ಗ್ ಇಂಥ ಗೆಡ್ಡೆಗಳನ್ನು ವಿವರಿಸಿ ಇದು ಅಂಡಾಶಯದಲ್ಲೇ ಹುಟ್ಟಿದ್ದು ಎಂದುಕೊಂಡ. ಮೂಲ ಬೇರೆ ಕಡೆ ಇದೆ ಎಂದು ಕೆಲವೇ ವರ್ಷಗಳಲ್ಲಿ ಬೇರೆಯವರು ತೋರಿಸಿದರು. ಪಾಪ, ಗೆಡ್ಡೆಗೆ ಇವತ್ತಿಗೂ ಅವನದ್ದೇ ಹೆಸರು.

ಈಗ ನಮ್ಮ ಹತ್ತಿರ ಸ್ಟೈನ್ ಇವೆಯಲ್ಲ ಅಂತ ನಮ್ಮವರೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಶ್ವಾಸಕೋಶದ ಗುರುತು ಎನ್ನುವ ನ್ಯಾಪ್ಸಿನ್-ಎ ಅಂಡಾಶಯದ ‘ಕ್ಲಿಯರ್ ಸೆಲ್’ ಎಂಬ ಒಂದು ಜಾತಿಯ ಕ್ಯಾನ್ಸರಿನಲ್ಲೂ ಬಣ್ಣ ಹಿಡಿಯುತ್ತದೆ. ಟಿಟಿಎಫ್-1 ಕೂಡ ಒಮ್ಮೊಮ್ಮೆ ಅಂಡಾಶಯದ್ದರಲ್ಲೇ ಬರುತ್ತದೆ. ಲೋಳೆ ಸುರಿಸುವ ಜಾತಿಯ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಎಷ್ಟೋ ಸಲ ಬರುವುದೇ ಇಲ್ಲ. ಎದೆಯಲ್ಲಿ ಏನೋ ಕಂಡಿತು ಅಂದ ಮಾತ್ರಕ್ಕೆ ಮೂಲ ಅಲ್ಲೇ ಅಂತಲೂ ಅಲ್ಲ, ಅಂಡಾಶಯದ ಕ್ಯಾನ್ಸರ್ ಕೂಡ ಮೇಲಕ್ಕೆ ಹೋಗುತ್ತದೆ. ಒಂದೊಂದು ಸ್ಟೈನಿಗೂ ರೋಗಿಯ ಮನೆಯವರು ದುಡ್ಡು ಕಟ್ಟುತ್ತಾರೆ. ‘ಮೂರು ತಿಂಗಳಿಂದ ಕೆಮ್ಮು, ಎದೆ ಸ್ಕ್ಯಾನ್ ಆಗಿದೆ’ ಎಂದು ಬರೆಯಲು ಕಾಸೂ ಬೇಕಿಲ್ಲ.

ತಪ್ಪು ಸರ್ಜನ್‌ಗಳದ್ದು ಮಾತ್ರ ಅಲ್ಲ. ‘ಕ್ಲಿನಿಕಲ್ ವಿವರದ ಜೊತೆ ಹೊಂದಿಸಿ ನೋಡಿ’ ಎಂದು ಕೊನೆಯಲ್ಲಿ ಒಂದು ಸಾಲು ಬರೆದು ನಾವೂ ಕೈ ತೊಳೆದುಕೊಳ್ಳುತ್ತೇವೆ. ಫೋನ್ ಪಕ್ಕದಲ್ಲೇ ಇರುತ್ತದೆ.

ಮನೆಯವರಿಗೆ ಒಂದು ಮಾತು. ಹಳೇ ಎಕ್ಸ್‌ರೇ, ಸ್ಕ್ಯಾನ್, ಯಾವ ಊರಿನದ್ದೇ ಇರಲಿ, ಎಸೆಯಬೇಡಿ. ಅಂಡಾಶಯದ ಆಪರೇಷನ್‌ಗೆ ಕೆಮ್ಮಿನ ಕಾಗದ ಯಾಕೆ ಅಂತ ಮುಜುಗರವೂ ಬೇಡ. ಎರಡನೇ ಅಭಿಪ್ರಾಯ ಬೇಕಿದ್ದರೆ ಬರೀ ರಿಪೋರ್ಟ್ ಸಾಲದು, ಲ್ಯಾಬಿನಲ್ಲಿ ಸ್ಲೈಡ್ ಮತ್ತು ಗೆಡ್ಡೆಯ ತುಂಡು ಹುದುಗಿಸಿಟ್ಟ ಮೇಣದ ಬ್ಲಾಕ್ ಕೇಳಿ ಪಡೆಯಿರಿ.

ಆ ಸರ್ಜನ್ ಈಗ ನಾಲ್ಕೂ ಗೆರೆ ತುಂಬಿಸುತ್ತಾರೆ. ಅಕ್ಷರ ಮಾತ್ರ ದೇವರಿಗೇ ಪ್ರೀತಿ. ಮೊನ್ನೆ ‘ಎದೆ ಸ್ಕ್ಯಾನ್ ನೋಡಿದೆ, ಏನೂ ಇಲ್ಲ’ ಎಂಬುದನ್ನು ಓದಲು ನನಗೂ ಟೆಕ್ನಿಷಿಯನ್‌ಗೂ ಸೇರಿ ಹತ್ತು ನಿಮಿಷ ಹಿಡಿಯಿತು.