ನಾಗಪ್ಪ ಈಗ ರಿಂಗ್ ರೋಡಿನಲ್ಲಿದ್ದಾನೆ

ನಮಸ್ಕಾರ. ಯಶವಂತ ಚಿತ್ತಾಲರ ‘ಶಿಕಾರಿ’ ಕಾದಂಬರಿ ಬಂದಿದ್ದು 1979ರಲ್ಲಿ. ಕತೆ ಮುಂಬೈಯದು. ಆದರೆ ಇವತ್ತು ಅದನ್ನು ಕೂತು ಓದಬೇಕಾದವರು ಬೆಂಗಳೂರಿನವರು. ಯಾಕೆ ಅಂತ ಹೇಳ್ತೀನಿ.

ಕಾದಂಬರಿಯ ನಾಯಕ ನಾಗಪ್ಪ ಉತ್ತರ ಕನ್ನಡದಿಂದ ಹೋದವನು. ಮುಂಬೈಯ ಕೆಮಿಕಲ್ ಕಂಪನಿಯಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ ಆಫೀಸರ್ ಆಗಿದ್ದಾನೆ. ಒಂದು ದಿನ ಸಸ್ಪೆಂಡ್. ಏನು ತಪ್ಪು ಮಾಡಿದೆ ಅಂತ ಕೇಳಿದರೆ ಯಾರೂ ಬಾಯಿಬಿಡುವುದಿಲ್ಲ. ಚಿತ್ತಾಲರಿಗೆ ಈ ಲೋಕ ಚೆನ್ನಾಗಿ ಗೊತ್ತಿತ್ತು. ಅವರೂ ಉತ್ತರ ಕನ್ನಡದ ತಮ್ಮೂರು ಹನೇಹಳ್ಳಿಯಿಂದ ಮುಂಬೈಗೆ ಹೋಗಿ ಅದೇ ಉದ್ಯಮದಲ್ಲಿ ದುಡಿದವರು.

‘ಶಿಕಾರಿ’ ಅಂದ ಕೂಡಲೇ ವಿಮರ್ಶಕರು ಕಾಫ್ಕಾನನ್ನು, ಕಾರಣ ಗೊತ್ತಿಲ್ಲದೇ ಬಂಧನಕ್ಕೊಳಗಾದವನ ಕತೆ ‘ದಿ ಟ್ರಯಲ್’ ಬರೆದವನನ್ನು, ಕರೆದುಕೊಂಡು ಬರುತ್ತಾರೆ. ಬರಲಿ, ತಪ್ಪೇನಿಲ್ಲ. ನನಗೆ ಮಾತ್ರ ಅದರಲ್ಲಿ ಹನೇಹಳ್ಳಿಯೇ ಜಾಸ್ತಿ ಕಾಣುತ್ತದೆ. ನಾಗಪ್ಪನ ಮೇಲೆ ಬಲೆ ಬೀಸುವವರೆಲ್ಲ ಆಫೀಸಿನವರಲ್ಲ. ಹಳೇ ನಂಟು, ಹಳೇ ಸೇಡು ಕೂಡ ಅವನ ಬೆನ್ನು ಹತ್ತಿದೆ. ಊರು ಬಿಟ್ಟು ಬಂದೆ ಅಂದುಕೊಂಡರೆ ಊರು ನಮ್ಮನ್ನು ಬಿಡಬೇಕಲ್ವಾ? ಅಲ್ಲೇ ನನಗೆ ಭಯವಾಗುವುದು.

ವಸುಧೇಂದ್ರ, ವಿವೇಕ ಶಾನಭಾಗರ ಕತೆಗಳಲ್ಲಿ ಕಾರ್ಪೊರೇಟ್ ಆಫೀಸಿನ ಬಾಗಿಲು ತೆರೆದಾಗಲೆಲ್ಲ ನನಗೆ ಈ ನಾಗಪ್ಪ ನೆನಪಾಗುತ್ತಾನೆ. ಮೊದಲು ಒಳಗೆ ಹೋಗಿ ಸಿಕ್ಕಿಬಿದ್ದವನು ಅವನೇ ತಾನೆ.

ಹೋದ ವರ್ಷ ನನ್ನ ರೂಮ್‌ಮೇಟ್‌ಗೂ ಹೀಗೇ ಆಯಿತು. ಕುಮಟಾ ಕಡೆಯ ಹುಡುಗ, ಔಟರ್ ರಿಂಗ್ ರೋಡಿನಲ್ಲಿ ಕೆಲಸ. ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆದರೆ ಲಾಗಿನ್ ಆಗುತ್ತಿಲ್ಲ. ಹತ್ತು ನಿಮಿಷದ ವಿಡಿಯೋ ಕಾಲ್, ಎಚ್‌ಆರ್ ಏನೋ ಓದಿದರು, ಮುಗೀತು. ಕಾರಣ ಕೇಳಿದ್ದಕ್ಕೆ ‘ಬಿಸಿನೆಸ್ ಡಿಸಿಷನ್’ ಅಂದರಂತೆ. ಆಮೇಲೆ ಒಂದು ವಾರ ಅವನು ಮಾಡಿದ್ದು ಒಂದೇ ಕೆಲಸ. ಯಾರು ಏನು ಹೇಳಿರಬಹುದು, ಮ್ಯಾನೇಜರ್ ಅವತ್ತು ಯಾಕೆ ನಗಲಿಲ್ಲ, ಟೀಮ್ ಲಂಚ್‌ಗೆ ತನ್ನನ್ನು ಯಾಕೆ ಕರೆಯಲಿಲ್ಲ ಅಂತ ಲೆಕ್ಕ ಹಾಕುವುದು. ಥೇಟ್ ನಾಗಪ್ಪ. ಪುಸ್ತಕ ಕೊಡೋಣ ಅಂತ ಶೆಲ್ಫಿಂದ ತೆಗೆದೆ. ಮುಖ ನೋಡಿ ವಾಪಸ್ ಇಟ್ಟೆ.

ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ವರೆಗೆ ಬಿಡಲು ಹೋಗಿದ್ದೆ. ಕುಮಟಾ ಬಸ್ಸು. ಪಕ್ಕದ ಸೀಟಿನಲ್ಲಿ ಅವನ ಊರಿನವರೇ ಒಬ್ಬರು.

‘ತಮಾ, ಈಗ ಯಾವ ಕಂಪನಿ?’

ಅವನು ಹಳೇ ಕಂಪನಿಯ ಹೆಸರನ್ನೇ ಹೇಳಿದ.