ಮಳೆ, ಬೀಜ ಮತ್ತು ರೈತ: ಕರುಣಾಳು ದೇವರು, ದುಃಖದ ಲೋಕ

ಎಲ್ಲರಿಗೂ ನಮಸ್ಕಾರ.

ಕರುಣೆಯುಳ್ಳ ದೇವರಿದ್ದಾನೆ ಎಂದಮೇಲೆ ಲೋಕದಲ್ಲಿ ಇಷ್ಟೊಂದು ದುಃಖ ಯಾಕೆ? ಇದು ದೇವರನ್ನು ನಂಬದವರ ಪ್ರಶ್ನೆ ಎಂದು ಹಲವರು ತಿಳಿದಿದ್ದಾರೆ. ನಮ್ಮ ಪರಂಪರೆಯಲ್ಲಿ ಇದನ್ನು ಬಹಳ ಖಾರವಾಗಿ ಕೇಳಿದವಳು ದ್ರೌಪದಿ. ಕೃಷ್ಣನನ್ನೇ ನಂಬಿ ಬದುಕಿದ ಹೆಣ್ಣು ಅವಳು.

ವನಪರ್ವದಲ್ಲಿ ಪಾಂಡವರು ಕಾಡಿನಲ್ಲಿದ್ದಾಗ ಒಂದು ಸಾಯಂಕಾಲ ಈ ಮಾತು ಶುರುವಾಗುತ್ತದೆ. ಧರ್ಮವನ್ನು ಕಾಪಾಡಿದವನನ್ನು ಧರ್ಮ ಕಾಪಾಡುತ್ತದೆ ಎಂದು ಕೇಳಿದ್ದೇನೆ, ನಿನ್ನನ್ನು ಮಾತ್ರ ಅದು ಕಾಪಾಡಲಿಲ್ಲ ಎಂದು ಅವಳು ಧರ್ಮರಾಯನಿಗೆ ಹೇಳುತ್ತಾಳೆ. ಅಲ್ಲಿಗೇ ನಿಲ್ಲುವುದಿಲ್ಲ. ಮರದ ಬೊಂಬೆಯ ಕೈಕಾಲು ಆಡಿಸುವ ಹಾಗೆ ದೇವರು ನಮ್ಮನ್ನು ಆಡಿಸುತ್ತಾನೆ. ಮಗು ಆಟಿಕೆಗಳ ಜೊತೆ ಆಡುವ ಹಾಗೆ ಪ್ರಾಣಿಗಳ ಜೊತೆ ಆಡುತ್ತಾನೆ. ತಾಯಿತಂದೆಯ ಹಾಗೆ ನಡೆದುಕೊಳ್ಳದೆ, ಸಿಟ್ಟಿಗೆದ್ದ ಯಾವನೋ ಸಾಮಾನ್ಯನ ಹಾಗೆ ನಡೆದುಕೊಳ್ಳುತ್ತಾನೆ ಎನ್ನುತ್ತಾಳೆ. ಕೊನೆಗೆ ಒಂದು ಇಕ್ಕಟ್ಟನ್ನು ಮುಂದಿಡುತ್ತಾಳೆ. ಮಾಡಿದ ಕರ್ಮ ಮಾಡಿದವನನ್ನೇ ಹಿಂಬಾಲಿಸುವುದು ನಿಜವಾದರೆ, ಇದನ್ನೆಲ್ಲ ಮಾಡಿಸುವ ದೇವರಿಗೂ ಆ ಪಾಪ ಅಂಟಲೇಬೇಕು. ಅವನಿಗೆ ಅಂಟುವುದಿಲ್ಲ ಎಂದರೆ ಇಲ್ಲಿ ನಡೆಯುವುದು ಬಲವೊಂದೇ, ಹಾಗಾದರೆ ಬಲವಿಲ್ಲದ ಜನರನ್ನು ನೆನೆದು ನಾನು ಮರುಗುತ್ತೇನೆ.

ಈ ಇಕ್ಕಟ್ಟನ್ನು ಬಿಡಿಸಲು ನಮ್ಮ ಆಚಾರ್ಯರು ಪಟ್ಟ ಪ್ರಯತ್ನ ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿದೆ. ಅದಕ್ಕೆ ಶಂಕರಾಚಾರ್ಯರು ಬರೆದ ವ್ಯಾಖ್ಯಾನ, ಅಂದರೆ ಶಂಕರ ಭಾಷ್ಯದ ಎಣಿಕೆಯಲ್ಲಿ 33ರಿಂದ 36ರವರೆಗಿನ ನಾಲ್ಕು ಸೂತ್ರಗಳು ಸಾಕು.

33ನೆಯದು 'ಲೋಕವತ್ತು ಲೀಲಾಕೈವಲ್ಯಮ್'. ಸೃಷ್ಟಿ ಬರಿಯ ಲೀಲೆ ಎಂಬುದು ಸೂತ್ರದ ಮಾತು. ಇದನ್ನು ಕೇಳಿದ ತಕ್ಷಣ ದ್ರೌಪದಿಯ ಆಟಿಕೆಯ ಮಾತೇ ನಿಜವಾಯಿತು ಎನ್ನಿಸುತ್ತದೆ, ಪ್ರವಚನಗಳಲ್ಲೂ 'ಎಲ್ಲ ಅವನ ಆಟ' ಎಂದು ಹೇಳಿ ಮುಗಿಸುವ ಅಭ್ಯಾಸವಿದೆ. ಆದರೆ ಶಂಕರರು ಇಲ್ಲಿ ಕೊಡುವ ಉದಾಹರಣೆ ನೋಡಿ. ಏನೂ ಕೊರತೆಯಿಲ್ಲದ ರಾಜನ ವಿಹಾರ ಒಂದು, ಉಸಿರಾಟ ಇನ್ನೊಂದು. ನಾವು ಉಸಿರಾಡುವುದು ಯಾವುದೋ ಲಾಭಕ್ಕಲ್ಲ, ಅದು ಸ್ವಭಾವ. ದೇವರಿಗೆ ಯಾವುದೋ ಕೊರತೆಯಿದೆ, ಅದನ್ನು ತುಂಬಿಕೊಳ್ಳಲು ನಮ್ಮನ್ನು ಹುಟ್ಟಿಸಿ ನೋಯಿಸುತ್ತಾನೆ ಎಂಬ ಅನುಮಾನವನ್ನು ತೆಗೆಯುವುದಷ್ಟೇ ಈ ಸೂತ್ರದ ಕೆಲಸ. ದುಃಖಕ್ಕೆ ಸಮಾಧಾನವೆಂದು ಇದನ್ನು ಬಳಸಿದರೆ ಅದು ಕ್ರೌರ್ಯವಾಗುತ್ತದೆ.

34ನೆಯ ಸೂತ್ರವೇ ನಮ್ಮ ವಿಷಯದ ಎದೆ: 'ವೈಷಮ್ಯನೈರ್ಘೃಣ್ಯೇ ನ ಸಾಪೇಕ್ಷತ್ವಾತ್ ತಥಾ ಹಿ ದರ್ಶಯತಿ'. ಆರೋಪಗಳು ಎರಡು, ಅವನ್ನು ಬೇರೆಬೇರೆಯಾಗಿ ಹಿಡಿಯಬೇಕು. ವೈಷಮ್ಯ ಎಂದರೆ ಪಕ್ಷಪಾತ, ಒಬ್ಬನಿಗೆ ಸುಖ ಇನ್ನೊಬ್ಬನಿಗೆ ದುಃಖ. ನೈರ್ಘೃಣ್ಯ ಎಂದರೆ ಕರುಣೆಯಿಲ್ಲದಿರುವುದು. ಎಲ್ಲರಿಗೂ ಒಂದೇ ಅಳತೆಯಲ್ಲಿ ದುಃಖ ಹಂಚಿದರೂ ಎರಡನೆಯ ಆರೋಪ ಉಳಿದೇ ಉಳಿಯುತ್ತದೆ. ಹಾಗಿದ್ದರೆ ಈಶ್ವರನಿಗೂ ಸಾಮಾನ್ಯ ಜನರ ಹಾಗೆ ರಾಗದ್ವೇಷ ಇದ್ದಂತಾಯಿತು ಎಂದು ಶಂಕರರು ಆಕ್ಷೇಪ ಎತ್ತುತ್ತಾರೆ. ದ್ರೌಪದಿ ಆಡಿದ್ದೂ ಇದೇ ಮಾತು.

ಉತ್ತರ 'ಸಾಪೇಕ್ಷತ್ವಾತ್' ಎಂಬ ಒಂದು ಪದದಲ್ಲಿದೆ. ದೇವರು ಮನಬಂದಂತೆ ಹಂಚುವುದಿಲ್ಲ, ಜೀವಿಗಳ ಪುಣ್ಯಪಾಪಗಳನ್ನು ನೋಡಿ ಹಂಚುತ್ತಾನೆ. ಈಶ್ವರನನ್ನು ಮಳೆಯ ಹಾಗೆ ತಿಳಿಯಬೇಕು ಎನ್ನುತ್ತಾರೆ ಶಂಕರರು. ಬತ್ತಕ್ಕೂ ಜವೆಗೋಧಿಗೂ ಬೀಳುವ ಮಳೆ ಒಂದೇ. ಒಂದು ಬತ್ತವಾಗಿ, ಇನ್ನೊಂದು ಜವೆಗೋಧಿಯಾಗಿ ಬೆಳೆಯುವುದಕ್ಕೆ ಕಾರಣ ಬೀಜ. ಮಳೆಯಿಲ್ಲದೆ ಯಾವುದೂ ಮೊಳೆಯುವುದಿಲ್ಲ, ಆದರೆ ವ್ಯತ್ಯಾಸಕ್ಕೆ ಮಳೆ ಹೊಣೆಯಲ್ಲ.

ಸೃಷ್ಟಿಗೆ ಮೊದಲು ಜೀವಿಗಳೇ ಇರಲಿಲ್ಲವಲ್ಲ, ಆಗ ಯಾರ ಕರ್ಮ ನೋಡಿ ಹಂಚಿದ? 35ನೆಯ ಸೂತ್ರ ಈ ತಕರಾರನ್ನು ತಾನೇ ಎತ್ತಿ, ಸಂಸಾರ ಅನಾದಿ ಎಂದು ಉತ್ತರ ಕೊಡುತ್ತದೆ. ಬೀಜದಿಂದ ಮೊಳಕೆ, ಮೊಳಕೆಯಿಂದ ಬೀಜ. ಮೊದಲ ಬೀಜ ಹುಡುಕಲು ಹೋದರೆ ಸಿಗುವುದಿಲ್ಲ. ಸಂಸಾರಕ್ಕೆ ಆರಂಭವಿದೆ ಎಂದುಕೊಂಡರೆ ಏನು ಕೆಡುತ್ತದೆ ಎಂಬುದನ್ನು 36ನೆಯದರ ಭಾಷ್ಯ ವಿವರಿಸುತ್ತದೆ: ಮಾಡದ ಕೆಲಸದ ಫಲ ಜೀವಿಗೆ ಬಂದಂತಾಗುತ್ತದೆ, ಮುಕ್ತರಾದವರೂ ಮತ್ತೆ ಹುಟ್ಟಬೇಕಾಗುತ್ತದೆ.

ವಾದ ಗಟ್ಟಿಯಾಗಿದೆ. ಆದರೆ ಇದಕ್ಕೊಂದು ಬೆಲೆ ತೆರಬೇಕು. ಎಲ್ಲವೂ ಕರ್ಮದ ಪ್ರಕಾರವೇ ಆದರೆ ಹಂಚುವವನು ಬೇಕೇಕೆ? ರಾಷ್ಟ್ರಕೂಟ ದೊರೆ ಅಮೋಘವರ್ಷನ ಗುರು, 9ನೆಯ ಶತಮಾನದ ಜೈನ ಆಚಾರ್ಯ ಜಿನಸೇನರು ಸಂಸ್ಕೃತ ಆದಿಪುರಾಣದಲ್ಲಿ ಸೃಷ್ಟಿಕರ್ತನೇ ಇಲ್ಲ ಎಂದು ವಾದಿಸುವಾಗ ಇದನ್ನೂ ಕೇಳುತ್ತಾರೆ: ಜೀವಿಗಳ ಮೇಲಿನ ಪ್ರೀತಿಯಿಂದ ಸೃಷ್ಟಿಸಿದ್ದರೆ, ಕಷ್ಟವೇ ಇಲ್ಲದ, ಸುಖಮಯವಾದ ಲೋಕವನ್ನೇ ಯಾಕೆ ಸೃಷ್ಟಿಸಲಿಲ್ಲ? ಉಡುಪಿಯ ಮಧ್ವಾಚಾರ್ಯರಿಗೂ ದೇವರ ಕೈ ಕಟ್ಟಿದೆ ಎಂಬ ಧ್ವನಿ ಒಪ್ಪಿಗೆಯಿಲ್ಲ. ಕರ್ಮ, ಕಾಲ, ಸ್ವಭಾವ ಎಲ್ಲವೂ ಇರುವುದೇ ಅವನ ಅನುಗ್ರಹದಿಂದ, ಅವನು ಕರ್ಮವನ್ನು ನೋಡಿ ನಡೆಯುವುದರಿಂದ ಅವನ ಸ್ವಾತಂತ್ರ್ಯಕ್ಕೆ ಕುಂದಿಲ್ಲ ಎಂಬುದು ಅವರ ಸಿದ್ಧಾಂತ. ಇದರಿಂದ ದೇವರ ಸರ್ವಶಕ್ತಿ ಉಳಿಯುತ್ತದೆ, ಕರುಣೆಯ ಪ್ರಶ್ನೆ ಮಾತ್ರ ಇನ್ನಷ್ಟು ಭಾರವಾಗುತ್ತದೆ.

ಈಗ ಈ ವಾದ ನಮ್ಮ ಬಾಯಲ್ಲಿ ಎಲ್ಲಿ ಕೆಡುತ್ತದೆ ಎಂಬುದಕ್ಕೆ ಬರೋಣ. ಇದನ್ನು ಹೇಳಲೆಂದೇ ಈ ಉಪನ್ಯಾಸ.

ಸೂತ್ರ ಹೇಳಿದ್ದು ದೇವರ ಪರವಾಗಿ: ಅವನು ಪಕ್ಷಪಾತಿಯಲ್ಲ, ನಿರ್ದಯನಲ್ಲ. ನಾವು ಅದನ್ನು ತಿರುಗಿಸಿ ನೊಂದವರ ಮೇಲೆ ಹಾಕುತ್ತೇವೆ. 'ಹಿಂದಿನ ಜನ್ಮದಲ್ಲಿ ಏನು ಮಾಡಿದ್ದಳೋ', 'ಪಡಕೊಂಡು ಬಂದದ್ದು', 'ಮಾಡಿದ್ದುಣ್ಣೋ ಮಹಾರಾಯ'. ಪಾಪಕ್ಕೆ ದುಃಖ ಫಲ ಎಂಬುದರಿಂದ, ಇದೋ ದುಃಖ, ಆದ್ದರಿಂದ ಇಂಥ ಪಾಪ ಎಂಬ ತೀರ್ಮಾನಕ್ಕೆ ಜಿಗಿಯುವುದು ತರ್ಕಶಾಸ್ತ್ರದ ಪ್ರಕಾರವೇ ತಪ್ಪು. ಹೊಳೆ ಉಕ್ಕಿದೆ, ಆದ್ದರಿಂದ ಮೇಲೆ ಮಳೆಯಾಗಿದೆ ಎಂಬ ಅನುಮಾನದ, ಅಂದರೆ ಗುರುತು ನೋಡಿ ಕಾರಣ ಊಹಿಸುವುದರ, ಉದಾಹರಣೆ ನಮ್ಮ ತರ್ಕಶಾಸ್ತ್ರವಾದ ನ್ಯಾಯಶಾಸ್ತ್ರದಲ್ಲಿದೆ. ಕೆಳಗೆ ಎಲ್ಲೋ ಅಡ್ಡಗಟ್ಟಿದರೂ ಹೊಳೆ ಏರುತ್ತದಲ್ಲ ಎಂಬ ಆಕ್ಷೇಪವನ್ನು ನ್ಯಾಯಸೂತ್ರವೇ ಎತ್ತುತ್ತದೆ. ಮಳೆಯ ನೀರಿಗೆ ಬೇರೆ ಗುರುತುಗಳಿವೆ, ಅವನ್ನು ನೋಡಿದ ಮೇಲಷ್ಟೇ ಹೇಳಬಹುದು ಎಂಬುದು ಉತ್ತರ. ಪಕ್ಕದ ಮನೆಯ ಮಗುವಿನ ಕಾಯಿಲೆ ಯಾವ ಜನ್ಮದ ಯಾವ ಕರ್ಮದ್ದು ಎಂದು ತೋರಿಸುವ ಗುರುತು ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ. ಕರ್ಮದ ಗತಿ ಗಹನ ಎಂದು ಗೀತೆಯೇ ಹೇಳಿದೆ.

ವೈದ್ಯರು ಈ ವಿಷಯದಲ್ಲಿ ಇನ್ನೂ ಎಚ್ಚರದಿಂದಿದ್ದರು. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದ ವಿಷಯ ಊರಿಗೆ ಊರೇ ಸಾಯುವ ಪಿಡುಗು. ಬೇರೆಬೇರೆ ಪ್ರಕೃತಿಯ, ಬೇರೆಬೇರೆ ಆಹಾರದ ಜನ ಒಟ್ಟಿಗೆ ಹೇಗೆ ಸಾಯುತ್ತಾರೆ ಎಂದು ಶಿಷ್ಯ ಅಗ್ನಿವೇಶ ಕೇಳುತ್ತಾನೆ. ಗಾಳಿ, ನೀರು, ನೆಲ, ಋತು ಕೆಟ್ಟಾಗ ಎನ್ನುತ್ತಾನೆ ಗುರು ಆತ್ರೇಯ. ಅವುಗಳ ಹಿಂದೆ ಅಧರ್ಮವನ್ನೂ ಹೇಳುತ್ತಾನೆ, ಆದರೆ ಆ ಅಧರ್ಮ ಶುರುವಾಗುವುದು ನಾಡನ್ನೂ ಊರನ್ನೂ ಆಳುವವರಿಂದ. ಸತ್ತವರನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ ನಿನ್ನ ಪಾಪ ಎನ್ನುವುದಿಲ್ಲ. ಆಯುಸ್ಸು ಮೊದಲೇ ಗೊತ್ತಾದದ್ದೇ ಎಂಬ ಪ್ರಶ್ನೆಗೆ ಗಾಡಿಯ ಅಚ್ಚನ್ನು ತೋರಿಸುತ್ತಾನೆ. ಒಳ್ಳೆಯ ಅಚ್ಚು ಸರಿಯಾಗಿ ನಡೆದರೆ ತನ್ನ ಕಾಲಕ್ಕೆ ಸವೆದು ಮುಗಿಯುತ್ತದೆ. ಅದೇ ಅಚ್ಚು, ಹೇರು ಹೆಚ್ಚಾದರೆ, ದಾರಿ ಹಳ್ಳದಿಣ್ಣೆಯಾದರೆ, ಚಕ್ರ ಮುರಿದರೆ, ಎತ್ತಿನಲ್ಲೋ ಹೊಡೆಯುವವನಲ್ಲೋ ದೋಷವಿದ್ದರೆ, ಕಡಾಣಿ ಕಳಚಿದರೆ, ಕೀಲೆಣ್ಣೆ ಹಾಕದಿದ್ದರೆ ನಡುದಾರಿಯಲ್ಲೇ ಮುರಿಯುತ್ತದೆ. ಕರ್ಮವನ್ನು ನಂಬಿದ ಶಾಸ್ತ್ರವೇ ಇದು. ಆದರೂ ಅಚ್ಚು ಮುರಿದಾಗ ಹೇರು ಎಷ್ಟಿತ್ತು ಎಂದು ಮೊದಲು ನೋಡುತ್ತದೆ.

ಮತ್ತೆ ದ್ರೌಪದಿಯ ಹತ್ತಿರ ಹೋಗೋಣ. ಅವಳ ಮಾತು ಕೇಳಿ ಧರ್ಮರಾಯ, ನಾನು ಫಲ ಬಯಸಿ ಧರ್ಮ ಮಾಡುವವನಲ್ಲ, ಧರ್ಮವನ್ನು ವ್ಯಾಪಾರ ಮಾಡುವವನು ಧರ್ಮವಂತರಲ್ಲಿ ಕೀಳು ಎನ್ನುತ್ತಾನೆ. ದೊಡ್ಡ ಮಾತು. ಆದರೆ ಅದು ಅವಳ ಪ್ರಶ್ನೆಗೆ ಉತ್ತರವಲ್ಲ, ಅವಳು ಮರುಗಿದ್ದು ಬಲವಿಲ್ಲದವರಿಗಾಗಿ. ಹಾಗಾಗಿ ಅವಳು ಮತ್ತೆ ಮಾತನಾಡುತ್ತಾಳೆ. ಧರ್ಮವನ್ನಾಗಲಿ ದೇವರನ್ನಾಗಲಿ ನಾನು ಹೀಗಳೆಯುತ್ತಿಲ್ಲ, ನೊಂದು ಮಾತನಾಡುತ್ತಿದ್ದೇನೆ ಎಂದು ತಿಳಿ ಎನ್ನುತ್ತಾಳೆ. ಆಮೇಲೆ ಒಬ್ಬ ರೈತನನ್ನು ತರುತ್ತಾಳೆ. ರೈತ ನೇಗಿಲಿನಿಂದ ನೆಲ ಸೀಳಿ, ಬೀಜ ಬಿತ್ತಿ, ಸುಮ್ಮನೆ ಕೂತುಕೊಳ್ಳುತ್ತಾನೆ. ಮುಂದಿನದಕ್ಕೆ ಮಳೆ ಕಾರಣ. ಮಳೆ ಅನುಗ್ರಹಿಸದಿದ್ದರೆ ರೈತನದು ತಪ್ಪಲ್ಲ.

ಶಂಕರರ ಮಳೆಯನ್ನೂ ದ್ರೌಪದಿಯ ಮಳೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಅಲ್ಲಿ ಮಳೆ ನಿರ್ದೋಷಿ, ವ್ಯತ್ಯಾಸವೆಲ್ಲ ಬೀಜದ್ದು. ಇಲ್ಲಿ ಬೀಜ ಚೆನ್ನಾಗಿದೆ, ಉಳುಮೆ ಚೆನ್ನಾಗಿದೆ, ಮಳೆ ಬರಲಿಲ್ಲ, ರೈತ ನಿರ್ದೋಷಿ. ಮುಂಗಾರು ಕೈಕೊಟ್ಟ ವರ್ಷ ಒಣಬೇಸಾಯದ ಹೊಲದ ಬದುವಿನಲ್ಲಿ ನಿಂತವರಿಗೆ ಎರಡನೆಯದನ್ನು ವಿವರಿಸಬೇಕಾಗಿಲ್ಲ. ಒಂದು ವಾದ ದೇವರನ್ನು ಆರೋಪದಿಂದ ಬಿಡಿಸುತ್ತದೆ, ಇನ್ನೊಂದು ಮನುಷ್ಯನನ್ನು ಬಿಡಿಸುತ್ತದೆ. ನಂಬಿಕೆಯುಳ್ಳವರಿಗೆ ಎರಡೂ ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲನೆಯದನ್ನು ನಮ್ಮ ದುಃಖಕ್ಕೆ ನಾವು ಹೇಳಿಕೊಳ್ಳಬಹುದು. ಬೇರೆಯವರ ದುಃಖದ ಎದುರು ಎರಡನೆಯದನ್ನೇ ಹೇಳಬೇಕು.

ಇಷ್ಟಾದರೂ ಕರುಣೆ ಎಂದರೇನು ಎಂಬುದು ಉಳಿಯುತ್ತದೆ. ಮಳೆಗೆ ಪಕ್ಷಪಾತವಿಲ್ಲ, ಸರಿ, ಆದರೆ ಮಳೆಗೆ ಮರುಕವೂ ಇಲ್ಲವಲ್ಲ! ಶ್ರೀವೈಷ್ಣವರಲ್ಲಿ ಇದೇ ವಿಷಯಕ್ಕೆ ಒಂದು ಭಿನ್ನಾಭಿಪ್ರಾಯವಿದೆ. ಅವರ ಎರಡು ಪಂಗಡಗಳಾದ ತೆಂಗಲೆ ವಡಗಲೆ ಎಂದರೆ ನಮಗೆ ನಾಮದ ಆಕಾರ ಮಾತ್ರ ನೆನಪಾಗುತ್ತದೆ. ಆದರೆ ಭಗವಂತನ ದಯೆ ಎಂದರೇನು ಎಂಬುದರಲ್ಲೂ ಅವರಲ್ಲಿ ಭೇದವಿದೆ. ಇತರರ ದುಃಖ ಕಂಡು ತಾನೂ ದುಃಖಿಸುವುದೇ ದಯೆ ಎಂಬುದು ತೆಂಗಲೆಯವರ ಪಕ್ಷ. ಇತರರ ದುಃಖವನ್ನು ನೀಗಬೇಕೆಂಬ ಇಚ್ಛೆಯೇ ದಯೆ ಎಂಬುದು ವಡಗಲೆಯವರ ಪಕ್ಷ. ಅಳುವ ದೇವರು ಕೈಲಾಗದವನಾಗಿಬಿಡುತ್ತಾನೆ ಎಂಬ ಅಂಜಿಕೆ ಒಂದು ಕಡೆ, ಅಳದ ದೇವರು ದೂರದವನಾಗಿಬಿಡುತ್ತಾನೆ ಎಂಬ ಅಂಜಿಕೆ ಇನ್ನೊಂದು ಕಡೆ. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ಜನ ದಶರಥನಿಗೆ ಶ್ರೀರಾಮನ ಗುಣ ಹೇಳುವಾಗ 'ವ್ಯಸನೇಷು ಮನುಷ್ಯಾಣಾಂ ಭೃಶಂ ಭವತಿ ದುಃಖಿತಃ' ಎನ್ನುತ್ತಾರೆ. ಜನರಿಗೆ ಕಷ್ಟ ಬಂದಾಗ ಅವನು ಬಹಳವಾಗಿ ದುಃಖಪಡುತ್ತಾನಂತೆ. ನನ್ನ ಮನಸ್ಸು ವಾಲುವುದು ಈ ಮಾತಿನ ಕಡೆಗೆ.

ಸಾವಾದ ಮನೆಗೆ ಹೋಗುವವರಿಗೆ ಎರಡು ಮಾತು. ಮೊದಲ ದಿನಗಳಲ್ಲಿ ಕಾರಣ ಹೇಳಬೇಡಿ. ಕರ್ಮ, ಋಣ, ಲೀಲೆ, ಪರೀಕ್ಷೆ, ಯಾವುದನ್ನೂ ಹೇಳಬೇಡಿ. ಅವರಾಗಿ ಕೇಳಿದರೂ, ಆ ಹೊತ್ತಿನ 'ಯಾಕೆ' ಎಂಬುದು ಪ್ರಶ್ನೆಯಲ್ಲ, ಅಳು. ಮನೆಯಲ್ಲಿ ಗರುಡಪುರಾಣ ಓದಿಸುವ ಪದ್ಧತಿಯಿದ್ದರೆ, ಯಾವ ಪಾಪಕ್ಕೆ ಯಾವ ನರಕ ಎಂಬ ಭಾಗ ಬಂದಾಗ ಸತ್ತವರ ತಾಯಿಯೋ ಹೆಂಡತಿಯೋ ಎದುರು ಕೂತಿದ್ದಾರೆ ಎಂಬುದು ಓದುವವರ ನೆನಪಿನಲ್ಲಿರಲಿ. ಎರಡನೆಯದು, ಅವರು ದೇವರನ್ನು ಬೈದರೆ ಬಾಯಿ ಮುಚ್ಚಿಸಬೇಡಿ. ಧರ್ಮರಾಯ ದ್ರೌಪದಿಯದು ನಾಸ್ತಿಕರ ಮಾತು ಎಂದದ್ದು ಹೌದು. ಆದರೆ ಅವಳ ಮಾತು ಪೂರ್ತಿ ಮುಗಿದ ಮೇಲೆ ಅಂದ. ಅದಕ್ಕೂ ಮೊದಲು ಅವನ ಬಾಯಿಂದ ಬಂದದ್ದು ಇಷ್ಟು: ಯಾಜ್ಞಸೇನಿ, ನೀನಾಡಿದ ಮಾತು ಸೊಗಸಾಗಿದೆ, ನಾವು ಅದನ್ನು ಕೇಳಿದೆವು.